ಕಾರ್ಡು ಅಲ್ಲೇ ಇದೆ, ಹೆಸರೆಲ್ಲಿ?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ಬಿಚ್ಚಿ ಲ್ಯಾನ್ ಕಾರ್ಡ್ ಬದಲಿಸಿದವರಿಗೆ ಒಂದು ವಿಚಿತ್ರ ನೆನಪಿರಬಹುದು. ಹಳೆಯ ಕಾರ್ಡನ್ನು ಕಿತ್ತು, ಅದೇ ಜಾಗಕ್ಕೆ ಹೊಸತನ್ನು ಕೂರಿಸಿ, ಅದೇ ತಂತಿ ಸಿಕ್ಕಿಸಿ ಆನ್ ಮಾಡಿದರೆ ಪರದೆಯ ಮೇಲೆ ಬರುತ್ತಿದ್ದದ್ದು 'ಲೋಕಲ್ ಏರಿಯಾ ಕನೆಕ್ಷನ್ 2'. ಇದು ಎರಡನೆಯದಾದರೆ ಒಂದನೆಯದು ಎಲ್ಲಿ? ಪೆಟ್ಟಿಗೆಯೊಳಗೆ ಇರುವುದು ಒಂದೇ ಕಾರ್ಡು. ಹಳೆಯ ಐಪಿ ವಿಳಾಸವನ್ನೇ ಇದಕ್ಕೂ ಕೊಡಲು ಹೋದರೆ ಇನ್ನೊಂದು ತಕರಾರು: ಆ ವಿಳಾಸ ಈಗಾಗಲೇ ಬೇರೊಂದು ಅಡಾಪ್ಟರಿಗೆ ಸೇರಿದೆ, ಆ ಅಡಾಪ್ಟರ್ ಈಗ ಕಂಪ್ಯೂಟರಿನಲ್ಲಿ ಇಲ್ಲದ್ದರಿಂದ ಕಣ್ಣಿಗೆ ಕಾಣುವುದಿಲ್ಲ! ಗುಜರಿಗೆ ಹೋದ ಕಾರ್ಡು ಯಂತ್ರದ ಲೆಕ್ಕದಲ್ಲಿ ಇನ್ನೂ ಬದುಕಿತ್ತು.

ಪ್ರಿಂಟರಿನ ಯುಎಸ್‌ಬಿ ತಂತಿಯನ್ನು ಪಕ್ಕದ ಕಿಂಡಿಗೆ ಬದಲಾಯಿಸಿದಾಗ 'ಕಾಪಿ 1' ಎಂಬ ಎರಡನೇ ಪ್ರಿಂಟರ್ ಹುಟ್ಟಿಕೊಳ್ಳುವುದೂ ಇದೇ ಜಾತಿಯ ಚೇಷ್ಟೆ. ಮನೆಯ ಕಂಪ್ಯೂಟರಿನಲ್ಲಿ ಇದು ಬರೀ ಕಿರಿಕಿರಿ. ಹಗಲಿರುಳು ಓಡುವ ಲಿನಕ್ಸ್ ಸರ್ವರಿನಲ್ಲಿ ಹೀಗಾದರೆ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ. ಕೆಲವೊಮ್ಮೆ ಕೆಲಸ ನಿಲ್ಲುವುದಿಲ್ಲ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಭದ್ರತೆಯ ಕಟ್ಟಳೆ ಮಾತ್ರ ತಲೆಕೆಳಗಾಗಿರುತ್ತದೆ. ಅದು ಹೆಚ್ಚು ಅಪಾಯ.

ಸಿಡಿಲಿನ ಮರುದಿನ

ಸುಳ್ಯ, ಪುತ್ತೂರು, ಕಡಬದ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಮನೆಮನೆಯಲ್ಲೂ ಯಾರಾದರೊಬ್ಬರು ಎದ್ದು ಪ್ಲಗ್ ಕೀಳುತ್ತಾರೆ. ಘಟ್ಟದ ಬುಡದ ಈ ಊರುಗಳಲ್ಲಿ ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಹೊರಡುವಾಗ ಇನ್ನೊಮ್ಮೆ ಸಿಡಿಲು ಜೋರು. ಟಿವಿಯ ಪ್ಲಗ್, ಫ್ರಿಜ್ಜಿನ ಪ್ಲಗ್ ನೆನಪಾಗುತ್ತದೆ. ನೆಟ್‌ವರ್ಕ್ ತಂತಿ ಮರೆತುಹೋಗುತ್ತದೆ. ಉದ್ದಕ್ಕೆ ಎಳೆದ ತಾಮ್ರದ ತಂತಿಗೆ ಸಿಡಿಲು ನೇರವಾಗಿ ಬಡಿಯಬೇಕೆಂದೇನೂ ಇಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಅದರ ಪ್ರಭಾವಕ್ಕೆ ತಂತಿಯಲ್ಲಿ ಸಾವಿರಾರು ವೋಲ್ಟ್ ಒಂದು ಕ್ಷಣಕ್ಕೆ ಉಕ್ಕಬಲ್ಲದು. ಈಥರ್ನೆಟ್ ಕಾರ್ಡಿನ ಬಾಯಿಯಲ್ಲೇ ಪುಟ್ಟ ಟ್ರಾನ್ಸ್‌ಫಾರ್ಮರುಗಳನ್ನು ಕಾವಲಿಗೆ ಇಟ್ಟಿರುತ್ತಾರೆ. ಮಾನಕದ ಪ್ರಕಾರ ಅವು 1500 ವೋಲ್ಟ್ ತಡೆದುಕೊಳ್ಳಬೇಕು. ಅದನ್ನು ಮೀರಿದರೆ ಒಳಗಿನ ಚಿಪ್ಪಿಗೆ ಗತಿಯಿಲ್ಲ.

ಕಾಂತಮಂಗಲದಲ್ಲಿ ಪಯಸ್ವಿನಿ ದಾಟಿದರೆ ಸಿಗುವ ಅಜ್ಜಾವರದಂಥ ಊರಿನಲ್ಲಿ ಒಂದು ಸೊಸೈಟಿ ಇದೆ ಎಂದು ಕಲ್ಪಿಸಿಕೊಳ್ಳೋಣ. ಮೂಲೆಯಲ್ಲೊಂದು ಲಿನಕ್ಸ್ ಸರ್ವರ್. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡು: ಒಂದು ಹೊರಗಿನ ಇಂಟರ್ನೆಟ್ಟಿಗೆ, ಇನ್ನೊಂದು ಒಳಗಿನ ಕೌಂಟರ್ ಕಂಪ್ಯೂಟರುಗಳಿಗೆ. ಯಂತ್ರದ ಲೆಕ್ಕದಲ್ಲಿ ಮೊದಲನೆಯದರ ಹೆಸರು ಈಥ್0, ಎರಡನೆಯದರದ್ದು ಈಥ್1. ಲಿನಕ್ಸಿನ ಎಣಿಕೆ ಸೊನ್ನೆಯಿಂದ ಶುರು. ಸಿಡಿಲಿಗೆ ಹೊರಗಿನ ಕಾರ್ಡು ಸುಟ್ಟಿತು. ಪೇಟೆಯಿಂದ ಬಂದ ಹುಡುಗ ಅದೇ ಕಂಪೆನಿಯ ಅದೇ ಮಾದರಿಯ ಕಾರ್ಡನ್ನು ಅದೇ ಸ್ಲಾಟಿಗೆ ಹಾಕಿದ. ಆನ್ ಮಾಡಿ ನೋಡಿದರೆ ಈಥ್0 ಇಲ್ಲ, ಈಥ್2 ಇದೆ! ಈಥ್0 ಹೆಸರಿಗೆ ಬರೆದಿಟ್ಟ ವಿಳಾಸ, ಫೈರ್‌ವಾಲ್ ಕಟ್ಟಳೆ ಎಲ್ಲವೂ ಎಂದೂ ಬಾರದ ಕಾರ್ಡಿಗಾಗಿ ಕಾಯುತ್ತಿವೆ.

ಇನ್ನೊಂದು ಸರ್ವರಿನಲ್ಲಿ ಯಾರೂ ಏನನ್ನೂ ಮುಟ್ಟಿಲ್ಲ. ಕರೆಂಟು ಹೋಗಿ ಬಂದ ಮೇಲೆ ಈಥ್0 ಮತ್ತು ಈಥ್1 ಅದಲುಬದಲಾಗಿವೆ. ಮೂರನೆಯದರಲ್ಲಿ ಕಾರ್ಡು ಕಣ್ಣೆದುರೇ ಇದ್ದರೂ ಪಟ್ಟಿಯಲ್ಲಿ ಬರುವುದೇ ಇಲ್ಲ. ಮೂರಕ್ಕೂ ಕಚೇರಿಯಲ್ಲಿ ಹೇಳುವ ಮಾತು ಒಂದೇ: 'ನೆಟ್ ಇಲ್ಲ'. ಮೂರರ ಬೇರು ಮಾತ್ರ ಬೇರೆ ಬೇರೆ ಕಡೆ ಇದೆ.

ಮೊದಲು ಬಂದವರಿಗೆ ಸೊನ್ನೆ

ನಮ್ಮ ಕಡೆ ಮನೆಗಳು ಬೀದಿಯಲ್ಲಿ ಸಾಲಾಗಿ ಕೂತಿಲ್ಲ. ಒಂದೊಂದು ಮನೆ ಒಂದೊಂದು ತೋಟದೊಳಗೆ, ಗುಡ್ಡದ ಆಚೆ ಈಚೆ. ಇಂಥ ಊರಿಗೆ ಮನೆ ನಂಬರ್ ಕೊಡಲು ಬಂದವನು ಒಂದು ಸುಲಭದ ದಾರಿ ಹಿಡಿದ ಎಂದುಕೊಳ್ಳಿ: ಮೇಜಿನ ಮುಂದೆ ಯಾರು ಮೊದಲು ಬಂದು ನಿಂತರೋ ಅವರಿಗೆ ಸೊನ್ನೆ, ಆಮೇಲೆ ಬಂದವರಿಗೆ ಒಂದು. ಮನೆ ಎಲ್ಲಿದೆ, ಯಜಮಾನ ಯಾರು ಎಂದು ಕೇಳುವುದಿಲ್ಲ. ಸದ್ಯಕ್ಕೆ ಖಾಲಿ ಇರುವ ಅತಿ ಸಣ್ಣ ಸಂಖ್ಯೆಯನ್ನು ಕೊಡುವುದು, ಅಷ್ಟೇ. ಸಂಜೆಯಾದ ಕೂಡಲೇ ಪುಸ್ತಕ ಹರಿದುಹಾಕುತ್ತಾನೆ. ಮರುದಿನ ಬೆಳಿಗ್ಗೆ ಎಲ್ಲರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಲಿನಕ್ಸಿನ ಕರ್ನೆಲ್, ಕನ್ನಡದಲ್ಲಿ ತಿರುಳು ಎನ್ನೋಣ, ಮಾಡುವುದು ಅಕ್ಷರಶಃ ಇದನ್ನೇ. ತಿರುಳಿಗೆ ತಾನಾಗಿ ಯಾವ ಕಾರ್ಡಿನ ಪರಿಚಯವೂ ಇಲ್ಲ. ಪ್ರತಿಯೊಂದು ಬಗೆಯ ಕಾರ್ಡಿಗೂ ಒಂದು ಚಾಲಕ ತಂತ್ರಾಂಶ ಇರುತ್ತದೆ, ಡ್ರೈವರ್ ಎಂದು ಎಲ್ಲರೂ ಕರೆಯುವುದು. ಯಂತ್ರ ಏಳುವಾಗ ಈ ಚಾಲಕಗಳು ಒಂದೊಂದಾಗಿ ಬಂದು ತಮ್ಮ ಕಾರ್ಡನ್ನು ಹುಡುಕಿ, ಎಬ್ಬಿಸಿ, 'ಇದೋ, ನನ್ನಲ್ಲೊಂದು ಈಥರ್ನೆಟ್ ಕಾರ್ಡಿದೆ, ಹೆಸರು ಕೊಡಿ' ಎನ್ನುತ್ತವೆ. ತಿರುಳು ಖಾಲಿ ಇರುವ ಸಣ್ಣ ಸಂಖ್ಯೆ ನೋಡಿ ಹೆಸರು ಕೊಡುತ್ತದೆ. ಯಂತ್ರ ಆರಿದರೆ ಆ ಹೆಸರೂ ಆರಿತು.

1990ರ ದಶಕದಲ್ಲಿ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಆಗಿನ ಲಿನಕ್ಸ್ ತಾನಾಗಿ ಹುಡುಕುತ್ತಿದ್ದದ್ದು ಒಂದೇ ಕಾರ್ಡನ್ನು. ಎರಡನೆಯದು ಬೇಕಿದ್ದರೆ ಅದು ಯಾವ ವಿಳಾಸದಲ್ಲಿದೆ ಎಂದು ಯಂತ್ರ ಏಳುವ ಹೊತ್ತಿಗೆ ನೀವೇ ಹೇಳಬೇಕಿತ್ತು. ಚಾಲಕಗಳು ಬರುವುದೂ ಒಂದರ ಹಿಂದೆ ಒಂದಾಗಿ. ಹಾಗಾಗಿ ನಿನ್ನೆ ಮೊದಲು ನಿಂತವನೇ ಇವತ್ತೂ ಮೊದಲು ನಿಲ್ಲುತ್ತಿದ್ದ. ಕ್ರಮ ಹೆಚ್ಚುಕಮ್ಮಿ ಕಾಕತಾಳೀಯವಾಗಿ ಸ್ಥಿರವಾಗಿತ್ತು. ಜನ ಅದನ್ನೇ ನಿಯಮ ಎಂದು ನಂಬಿದರು.

ಆಮೇಲೆ ಯಂತ್ರಗಳಿಗೆ ಅವಸರ ಬಂತು. ಪ್ರೊಸೆಸರಿನೊಳಗೆ ಎರಡು, ನಾಲ್ಕು, ಎಂಟು ಕೋರ್‌ಗಳಾದವು, ಎಲ್ಲ ಚಾಲಕಗಳನ್ನೂ ಒಟ್ಟಿಗೇ ಎಬ್ಬಿಸಿದರೆ ಸರ್ವರ್ ಬೇಗ ಏಳುತ್ತದೆ. ಈಗ ಸಾಲಿನಲ್ಲಿ ಯಾರು ಮೊದಲು ಎಂಬುದು ಪೈಪೋಟಿ. ಒಂದು ಕಾರ್ಡು ತನ್ನ ಆಂತರಿಕ ತಂತ್ರಾಂಶವನ್ನು ತುಂಬಿಕೊಳ್ಳಲು ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಂಡರೆ ಸಾಕು, ಇನ್ನೊಂದು ಮುಂದೆ ನುಗ್ಗಿ ಸೊನ್ನೆಯನ್ನು ಹಿಡಿದುಕೊಳ್ಳುತ್ತದೆ. ನೂರು ಸಲ ಸರಿಯಾಗಿ ಎದ್ದ ಸರ್ವರ್ ನೂರೊಂದನೆಯ ಸಲ ಅದಲುಬದಲಾಗಿ ಏಳುವುದು ಹೀಗೆ. ಸೊಸೈಟಿಯ ಫೈರ್‌ವಾಲಿಗೆ 'ಈಥ್0ಯಿಂದ ಬಂದವರನ್ನು ನಂಬಬೇಡ, ಈಥ್1ರಿಂದ ಬಂದವರು ನಮ್ಮವರು' ಎಂದು ಹೇಳಿಟ್ಟಿದ್ದೀರಿ. ಈ ಬೆಳಿಗ್ಗೆ ಅದು ಇಡೀ ಇಂಟರ್ನೆಟ್ಟನ್ನು ನಮ್ಮವರೆಂದುಕೊಂಡಿದೆ!

ಮುಖ್ಯರಸ್ತೆ ಮೊದಲೋ, ಒಳದಾರಿ ಮೊದಲೋ

ಪೈಪೋಟಿ ಇಲ್ಲದಿದ್ದರೂ ಕ್ರಮ ಕೆಡಬಹುದೆಂದು ತೋರಿಸಿದ ಘಟನೆ 2006ರದ್ದು. ಡೆಲ್ ಕಂಪೆನಿಯ ಪವರ್‌ಎಡ್ಜ್ ಸರ್ವರುಗಳ ಹೊಸ ತಲೆಮಾರು, 1950, 2950 ಮುಂತಾದವು, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದವು. ಅವುಗಳ ಬೆನ್ನಲ್ಲಿ ಎರಡು ಜಾಲದ ಕಿಂಡಿ. ಪೆಟ್ಟಿಗೆಯ ಮೇಲೆ ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಮುದ್ರೆ ಒತ್ತಿದ್ದಾರೆ, ಕೈಪಿಡಿಯಲ್ಲೂ ಹಾಗೇ ಇದೆ. ಲಿನಕ್ಸಿನ 2.4ನೇ ತಿರುಳಿನಲ್ಲಿ ಇವು ಕ್ರಮವಾಗಿ ಈಥ್0, ಈಥ್1 ಆಗುತ್ತಿದ್ದವು. 2.6ನೇ ತಿರುಳಿಗೆ ಬಂದರೆ ಉಲ್ಟಾ: ಒಂದನೇ ಕಿಂಡಿ ಈಥ್1, ಎರಡನೆಯದು ಈಥ್0.

ಯಂತ್ರ ಕೆಟ್ಟಿರಲಿಲ್ಲ, ಕಾರ್ಡೂ ಕೆಟ್ಟಿರಲಿಲ್ಲ. ಬದಲಾದದ್ದು ಹುಡುಕುವ ವಿಧಾನ. ಕಂಪ್ಯೂಟರಿನ ಒಳಗೆ ಕಾರ್ಡುಗಳು ಪಿಸಿಐ ಎಂಬ ಹಾದಿಗಳ ಮೇಲೆ ಕೂತಿರುತ್ತವೆ. ಒಂದು ಹಾದಿಯಿಂದ ಇನ್ನೊಂದಕ್ಕೆ ಹೋಗಲು ಸೇತುವೆ ಇರುತ್ತದೆ. ಎಂಜಿನಿಯರುಗಳೂ ಅದನ್ನು ಸೇತುವೆ ಎಂದೇ ಕರೆಯುವುದು. ಮನೆ ಎಣಿಸಲು ಬಂದವನಿಗೆ ಅಜ್ಜಾವರದಲ್ಲಿ ಎರಡು ದಾರಿಯಿದೆ. ಮುಖ್ಯರಸ್ತೆಯ ಮನೆಗಳನ್ನೆಲ್ಲ ಮುಗಿಸಿ ಆಮೇಲೆ ಒಳದಾರಿಗಳಿಗೆ ಇಳಿಯಬಹುದು. ಅಥವಾ ಪ್ರತಿ ಒಳದಾರಿ ಸಿಕ್ಕಿದಾಗಲೂ ಅದರ ಕೊನೆಯವರೆಗೆ ಹೋಗಿ, ಅಲ್ಲಿಯ ಮನೆ ಎಣಿಸಿ, ಮರಳಿ ಮುಖ್ಯರಸ್ತೆಗೆ ಬರಬಹುದು. ಮನೆಗಳು ಅವೇ, ಎಣಿಕೆಯ ಕ್ರಮ ಬೇರೆ. 2.4 ಮೊದಲನೆಯ ದಾರಿ ಹಿಡಿದಿತ್ತು, 2.6 ಎರಡನೆಯದನ್ನು.

ಡೆಲ್‌ನ ಎಂಜಿನಿಯರ್ ಮ್ಯಾಟ್ ಡಾಮ್ಷ್ ಆ ವರ್ಷವೇ ಒಂದು ತೇಪೆ ಬರೆದರು. ಇಂಥಿಂಥ ಮಾದರಿಯ ಯಂತ್ರ ಕಂಡರೆ ಹಳೆಯ ಕ್ರಮದಲ್ಲೇ ಎಣಿಸು ಎಂದು ತಿರುಳಿಗೆ ಹೇಳುವುದಷ್ಟೇ ಅದರ ಕೆಲಸ. ತೇಪೆ ತಿರುಳಿಗೆ ಸೇರಿತು, ಇವತ್ತಿಗೂ ಇದೆ. ಆದರೆ ಹೊಸ ಮಾದರಿ ಬಂದಾಗಲೆಲ್ಲ ಪಟ್ಟಿಗೆ ಒಂದು ಹೆಸರು ಸೇರಿಸುತ್ತಾ ಹೋಗುವ ಪರಿಹಾರ ಎಷ್ಟು ದಿನ ನಡೆದೀತು? ಸರತಿಯಲ್ಲಿ ನಿಂತ ಕ್ರಮಕ್ಕೆ ಹೆಸರನ್ನು ಕಟ್ಟಿದ್ದೇ ಮೂಲದ ತಪ್ಪು.

ಮುಖ ನೋಡಿ ಹೆಸರಿಡುವುದು

ಹಾಗಾದರೆ ಕಾರ್ಡಿನ ಗುರುತಿಗೇ ಹೆಸರನ್ನು ಕಟ್ಟಿದರೆ? ಪ್ರತಿ ಈಥರ್ನೆಟ್ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ಹುಟ್ಟುಗುರುತು ಬಿದ್ದಿರುತ್ತದೆ, ಮ್ಯಾಕ್ ವಿಳಾಸ ಎನ್ನುತ್ತಾರೆ. 48 ಬಿಟ್ಟುಗಳ ಸಂಖ್ಯೆ. ಮೊದಲ ಅರ್ಧ ತಯಾರಕರ ಗುರುತು, ಅದನ್ನು ಹಂಚುವುದು ಐಟ್ರಿಪಲ್‌ಇ ಸಂಸ್ಥೆ. ಉಳಿದ ಅರ್ಧ ಆ ತಯಾರಕ ಕೊಟ್ಟ ಕ್ರಮಸಂಖ್ಯೆ.

ಯುಡೆವ್ ಎಂಬ ಸಹಾಯಕ ತಂತ್ರಾಂಶ ಈ ಕೆಲಸ ವಹಿಸಿಕೊಂಡಿತು. ಲಿನಕ್ಸಿನ ವಿತರಣೆಗಳ ಪೈಕಿ ಡೆಬಿಯನ್ 4.0 ಬಂದ 2007ರಿಂದ ಹಿಡಿದು 2010ರ ರೆಡ್ ಹ್ಯಾಟ್ 6ರವರೆಗೆ ಅನೇಕ ಸರ್ವರುಗಳಲ್ಲಿ ಇದೇ ಏರ್ಪಾಡು. ಹೊಸ ಕಾರ್ಡು ಕಂಡಾಗ ಯುಡೆವ್ ಒಂದು ಕಡತದಲ್ಲಿ ಬರೆದಿಡುತ್ತದೆ: ಈ ಮ್ಯಾಕ್ ವಿಳಾಸದವನು ಈಥ್0. ಇನ್ನು ಮುಂದೆ ಸಾಲಿನಲ್ಲಿ ಯಾರು ಮೊದಲು ಬಂದರೂ ಸರಿ, ಮುಖ ನೋಡಿ ಅವರವರ ಹೆಸರನ್ನು ಅವರವರಿಗೆ ಕೊಡುತ್ತದೆ. ಹೆಚ್ಚಿನ ಕಡೆ ಆ ಕಡತದ ಹೆಸರು '70-ಪರ್ಸಿಸ್ಟೆಂಟ್-ನೆಟ್.ರೂಲ್ಸ್'. ಆ ಕಾಲದಲ್ಲಿ ಸರ್ವರ್ ನೋಡಿಕೊಂಡವರಿಗೆ ಈ ಹೆಸರು ಕಂಠಪಾಠ, ಬೈಗುಳದ ಸಮೇತ.

ಬೈಗುಳ ಏಕೆಂದರೆ, ಸಿಡಿಲಿನ ಮರುದಿನ ಈಥ್2 ಹುಟ್ಟಿದ್ದು ಇದೇ ಕಡತದಿಂದ. ಸತ್ತ ಕಾರ್ಡಿನ ಹೆಸರು ಕಡತದಲ್ಲಿ ಹಾಗೇ ಇದೆ, ಈಥ್0 ಅದಕ್ಕೆ ಮೀಸಲು. ಒಳಗಿನ ಕಾರ್ಡಿಗೆ ಈಥ್1. ಹೊಸಬನ ಮುಖ ಗುರುತಿಲ್ಲ, ಉಳಿದದ್ದು ಎರಡು. ಮನೆಯ ನಂಬರನ್ನು ಯಜಮಾನನ ಹೆಸರಿಗೆ ಬರೆದರೆ ಆಗುವುದೂ ಇದೇ. ಆತ ತೋಟ ಮಾರಿ ಹೊರಟರೂ ನಂಬರ್ ಆತನದ್ದೇ, ಅದೇ ಮನೆಗೆ ಬಂದ ಹೊಸ ಒಕ್ಕಲಿಗೆ ಬೇರೆ ನಂಬರ್, ಹಳೆಯ ನಂಬರಿಗೆ ಬಂದ ಕಾಗದ ಅಂಚೆಯವನ ಚೀಲದಲ್ಲೇ. ಮದ್ದು ಸರಳ: ಕಡತ ತೆರೆದು ಸತ್ತವನ ಸಾಲನ್ನು ಅಳಿಸಿ, ಹೊಸಬನ ಸಾಲಿನಲ್ಲಿ ಎರಡರ ಬದಲು ಸೊನ್ನೆ ಬರೆದು, ಯಂತ್ರವನ್ನು ಮತ್ತೆ ಎಬ್ಬಿಸುವುದು. ಹಳೆಯ ರೆಡ್ ಹ್ಯಾಟ್ ಯಂತ್ರವಾದರೆ ಕಾರ್ಡಿನ ಸಂರಚನಾ ಕಡತದಲ್ಲೂ ಹಳೆಯ ಮ್ಯಾಕ್ ವಿಳಾಸ ಕೂತಿರುತ್ತದೆ. ಅದನ್ನು ಮರೆತವರಿಗೆ ಅರ್ಧ ದಿನ ಹೆಚ್ಚಿನ ಶ್ರಮ.

ವರ್ಚುವಲ್ ಯಂತ್ರಗಳಲ್ಲಿ ಇದು ಇನ್ನಷ್ಟು ರಗಳೆ. ಒಂದು ಸರ್ವರಿನ ಯಥಾಪ್ರತಿ ತೆಗೆದು ಇನ್ನೊಂದನ್ನು ಹುಟ್ಟಿಸಿದರೆ ಕಡತವೂ ಜೊತೆಗೆ ಬರುತ್ತದೆ, ಆದರೆ ಹೊಸ ಯಂತ್ರದ ಕಾಲ್ಪನಿಕ ಕಾರ್ಡಿಗೆ ಮ್ಯಾಕ್ ವಿಳಾಸ ಬೇರೆ. ಹುಟ್ಟುವಾಗಲೇ ಅದು ಈಥ್1. ಜಗತ್ತಿನ ಅರ್ಧದಷ್ಟು ತಂತ್ರಜ್ಞರು ಈ ಒಗಟನ್ನು ಮೊದಲು ಕಂಡದ್ದು ಸುಟ್ಟ ಕಾರ್ಡಿನಿಂದಲ್ಲ, ನಕಲು ಮಾಡಿದ ಯಂತ್ರದಿಂದ ಎಂದು ನನ್ನ ಅನುಮಾನ.

ಇದರಲ್ಲಿ ಇನ್ನೂ ಸೂಕ್ಷ್ಮದ ತೊಡಕೊಂದಿದೆ. ತಿರುಳು ತಾತ್ಕಾಲಿಕವಾಗಿ ಈಥ್0 ಎಂದು ಕರೆದವನು ಕಡತದ ಪ್ರಕಾರ ಈಥ್1, ಈಥ್1 ಎಂದು ಕರೆದವನು ಈಥ್0. ಅದಲುಬದಲು ಮಾಡಬೇಕು. ಆದರೆ ಒಂದೇ ಹೆಸರು ಒಂದು ಕ್ಷಣಕ್ಕೂ ಇಬ್ಬರಿಗೆ ಇರುವಂತಿಲ್ಲ. ಆದ್ದರಿಂದ ಒಬ್ಬನಿಗೆ 'ರಿನೇಮ್3' ಎಂಬಂಥ ನಡುವಿನ ಹೆಸರು ಕೊಟ್ಟು, ಜಾಗ ಖಾಲಿ ಮಾಡಿಸಿ, ಇನ್ನೊಬ್ಬನನ್ನು ಕರೆಯಬೇಕು. ಅಷ್ಟರೊಳಗೆ ಮೂರನೇ ಚಾಲಕ ಬಂದು ಖಾಲಿ ಕಂಡ ಸಂಖ್ಯೆಯನ್ನು ತಿರುಳಿನಿಂದ ಪಡೆದುಕೊಂಡರೆ ಮೊದಲನೆಯವನು ಆ ನಡುವಿನ ಹೆಸರಿನಲ್ಲೇ ಸಿಕ್ಕಿಬೀಳುತ್ತಾನೆ. ಪಟ್ಟಿಯಲ್ಲಿ 'ರಿನೇಮ್' ಎಂದು ಶುರುವಾಗುವ ಹೆಸರೇನಾದರೂ ಕಂಡರೆ ಅದು ಇದರ ಕುರುಹು. ತಿರುಳು ಬಳಸುವ ಹೆಸರುಗಳನ್ನೇ ನಾವೂ ಬಳಸಿದರೆ ಈ ಜಗಳ ತಪ್ಪದು ಎಂದು ತಂತ್ರಾಂಶ ಬರೆಯುವವರು ಕೊನೆಗೆ ಕೈಬಿಟ್ಟರು.

ಜಾಗಕ್ಕೇ ಹೆಸರು

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮನೆಗೊಂದು ಹೆಸರಿದೆ. ಯಜಮಾನ ಯಾರೇ ಇರಲಿ, ಹೆಸರು ಆ ಜಾಗದ್ದು. ಮನೆ ಬಿದ್ದು ಹೊಸತು ಕಟ್ಟಿದರೂ, ಒಕ್ಕಲು ಬದಲಾದರೂ ಕಾಗದ ಅಲ್ಲಿಗೇ ಹೋಗುತ್ತದೆ. ಕಾರ್ಡಿಗೂ ಹೀಗೆ ಅದು ಕೂತ ಜಾಗದಿಂದಲೇ ಹೆಸರು ಕೊಡಬಹುದಲ್ಲ?

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದದ್ದೂ ಡೆಲ್‌ನವರೇ. ಅವರ ಬಯೋಸ್‌ಡೆವ್‌ನೇಮ್ ಎಂಬ ತಂತ್ರಾಂಶ 2011ರ ಮೇ ತಿಂಗಳಲ್ಲಿ ಬಂದ ಫೆಡೋರಾ 15ರಲ್ಲಿ ಸೇರಿತು. ಮದರ್‌ಬೋರ್ಡಿನಲ್ಲೇ ಬೆಸೆದ ಕಿಂಡಿ ಇಎಂ1, ಮೂರನೇ ಸ್ಲಾಟಿನ ಮೊದಲ ಕಿಂಡಿ ಪಿ3ಪಿ1. ಅದರ ಹಿಂದೆಯೇ, 2013ರ ಜನವರಿಯಲ್ಲಿ, ಲಿನಕ್ಸ್ ಯಂತ್ರವನ್ನು ಎಬ್ಬಿಸಿ ನಡೆಸುವ ಸಿಸ್ಟಂಡಿ ಎಂಬ ತಂತ್ರಾಂಶದ 197ನೇ ಆವೃತ್ತಿ ಇದೇ ತತ್ವವನ್ನು ಇನ್ನಷ್ಟು ವಿಸ್ತರಿಸಿ ಎಲ್ಲ ಯಂತ್ರಗಳಿಗೂ ತಂದಿತು. 2014ರ ರೆಡ್ ಹ್ಯಾಟ್ 7, 2016ರ ಉಬುಂಟು 16.04, 2017ರ ಡೆಬಿಯನ್ 9 ಹೀಗೆ ಒಂದೊಂದಾಗಿ ಈಥ್0 ಕಾಣೆಯಾಯಿತು. ಹಳಬರು ಲಿನಕ್ಸ್ ಹಾಕಿ 'ನನ್ನ ಕಾರ್ಡೇ ಮಾಯ' ಎಂದು ಕಂಗಾಲಾದದ್ದು ಈ ವರ್ಷಗಳಲ್ಲಿ.

ಹೊಸ ಹೆಸರು ಮೊದಲ ನೋಟಕ್ಕೆ ವಿಕಾರ, ಓದಲು ಕಲಿತರೆ ಸುಲಭ. 'ಇಎನ್' ಎಂದರೆ ಈಥರ್ನೆಟ್. ವೈಫೈ ಆದರೆ 'ಡಬ್ಲ್ಯುಎಲ್'. ಅದರ ಮುಂದಿನ ಅಕ್ಷರ ಯಾವ ಆಧಾರದ ಮೇಲೆ ಹೆಸರಿಟ್ಟಿದ್ದು ಎಂದು ಹೇಳುತ್ತದೆ. ಇಎನ್‌ಒ1 ಎಂದರೆ ಬೋರ್ಡಿನಲ್ಲೇ ಇರುವ ಒಂದನೇ ಕಿಂಡಿ, ಆ ಸಂಖ್ಯೆಯನ್ನು ಹೇಳಿದ್ದು ಬಯೋಸ್, ಅಂದರೆ ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ. ಇಎನ್‌ಎಸ್3 ಎಂದರೆ ಮೂರನೇ ಸ್ಲಾಟು. ಇವೆರಡೂ ಗೊತ್ತಾಗದಿದ್ದರೆ ಇಎನ್‌ಪಿ3ಎಸ್0, ಅಂದರೆ ಮೂರನೇ ಪಿಸಿಐ ಹಾದಿಯ ಸೊನ್ನೆಯ ಜಾಗ. ಸಿಡಿಲಿಗೆ ಸುಟ್ಟ ಕಾರ್ಡನ್ನು ಕಿತ್ತು ಹೊಸತನ್ನು ಅದೇ ಸ್ಲಾಟಿಗೆ ಹಾಕಿದರೆ ಇಲ್ಲಿ ಹೆಸರು ಬದಲಾಗುವುದಿಲ್ಲ. ಸೊಸೈಟಿಯ ಮೊದಲ ಸಮಸ್ಯೆ ಮುಗಿಯಿತು.

ಎಲ್ಲ ಮುಗಿಯಿತೇ? ಬಯೋಸ್ ಹೇಳಿದ್ದನ್ನು ನಂಬುವುದೆಂದರೆ ಬಯೋಸ್ ಬರೆದವರನ್ನು ನಂಬಿದಂತೆ. ವಿಎಂವೇರ್‌ನ ವರ್ಚುವಲ್ ಯಂತ್ರದಲ್ಲಿ ರೆಡ್ ಹ್ಯಾಟ್ 7 ಹಾಕಿದವರು ಇಎನ್‌ಒ16777736 ಎಂಬ ಹೆಸರು ಕಂಡು ತಲೆ ಕೆರೆದುಕೊಂಡದ್ದುಂಟು. ಒಂದು ಕೋಟಿ ಅರುವತ್ತೇಳು ಲಕ್ಷ ಕಿಂಡಿಗಳ ಬೋರ್ಡು ಯಾವ ಕಾರ್ಖಾನೆಯದ್ದು? ಸಾಮಾನ್ಯ ಯಂತ್ರಗಳಲ್ಲಿ 16383ಕ್ಕಿಂತ ದೊಡ್ಡ ಸಂಖ್ಯೆಯನ್ನು ಬಯೋಸ್ ಹೇಳಿದರೆ ನಂಬಬಾರದೆಂದು ಸಿಸ್ಟಂಡಿಯವರು ಆಮೇಲೆ ಮಿತಿ ಹಾಕಿದರು.

ಹಾದಿಯ ಸಂಖ್ಯೆಯೂ ಶಾಶ್ವತವಲ್ಲ. ಅದು ಸ್ಲಾಟಿನ ಮೇಲೆ ಕೆತ್ತಿದ ಸಂಖ್ಯೆ ಅಲ್ಲ, ಯಂತ್ರ ಏಳುವಾಗ ಸೇತುವೆಗಳನ್ನು ಎಣಿಸುತ್ತ ಹೋಗಿ ಕೊಟ್ಟದ್ದು. ಖಾಲಿ ಸ್ಲಾಟಿನ ಹಿಂದಿನ ಸೇತುವೆಯನ್ನು ಎಷ್ಟೋ ಬಯೋಸ್‌ಗಳು ಎಣಿಸುವುದೇ ಇಲ್ಲ. ನಾಳೆ ಅಲ್ಲಿಗೊಂದು ಎನ್‌ವಿಎಂಇ ಡಿಸ್ಕ್ ಅಥವಾ ಗ್ರಾಫಿಕ್ಸ್ ಕಾರ್ಡ್ ಬಂತೆಂದರೆ ಎಣಿಕೆಯಲ್ಲಿ ಅದೂ ಒಂದು, ಅದರ ನಂತರದವರೆಲ್ಲ ಒಂದೊಂದು ಮುಂದಕ್ಕೆ. ಜಾಲದ ಕಾರ್ಡನ್ನು ಯಾರೂ ಮುಟ್ಟಿಲ್ಲ, ಆದರೂ ಇಎನ್‌ಪಿ2ಎಸ್0 ಹೋಗಿ ಇಎನ್‌ಪಿ3ಎಸ್0 ಆಯಿತು. ಇದು ಮನೆಯ ಹೆಸರಲ್ಲ, 'ಸೇತುವೆ ದಾಟಿ ಎರಡನೇ ಗೇಟು' ಎಂಬ ಗುರುತು. ನಡುವೆ ಹೊಸ ಗೇಟು ಬಂದರೆ ಅದು ಮೂರನೆಯದಾಗುತ್ತದೆ.

ಹೆಸರಿಡುವ ಸೂತ್ರವೇ ಸಿಸ್ಟಂಡಿಯ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ತಿದ್ದುಪಡಿಯಾದದ್ದೂ ಇದೆ. ಅದಕ್ಕೇ 2018ರ ಕೊನೆಗೆ ಬಂದ 240ನೇ ಆವೃತ್ತಿಯಲ್ಲಿ, 'ಇಂಥ ಆವೃತ್ತಿಯ ಸೂತ್ರದಂತೆಯೇ ಹೆಸರಿಡು' ಎಂದು ಯಂತ್ರಕ್ಕೆ ಹೇಳುವ ಸೌಕರ್ಯ ಕೊಟ್ಟರು. ಒಂದೇ ಕಾರ್ಡಿರುವ ಮನೆಯ ಕಂಪ್ಯೂಟರಿಗೆ ಹಳೆಯ ಈಥ್0ಯೇ ಹೆಚ್ಚು ಸ್ಥಿರವಾಗಿತ್ತು ಎಂದು ಗೊಣಗುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಸಾಲಿನಲ್ಲಿ ನಿಲ್ಲುವವನು ಒಬ್ಬನೇ ಆದರೆ ಅವನಿಗೆ ಸೊನ್ನೆ ತಪ್ಪುವುದಿಲ್ಲ.

ನಿಜವಾಗಿ ಕಾಣೆಯಾದಾಗ

ಹೆಸರು ಬದಲಾದದ್ದು ಒಂದು, ಕಾರ್ಡೇ ಇಲ್ಲದಿರುವುದು ಇನ್ನೊಂದು. ಇವನ್ನು ಬೇರ್ಪಡಿಸದೆ ಕಡತಗಳನ್ನು ತಿದ್ದಲು ಹೊರಡುವುದೇ ಹೆಚ್ಚಿನವರು ಮಾಡುವ ಅವಸರ.

ಎಲ್ಲಕ್ಕಿಂತ ಮೊದಲು, ಕಾಣೆಯಾಗಿದೆ ಎಂದು ಹೇಳಿದ್ದು ಯಾರು ಎಂದು ಕೇಳಿಕೊಳ್ಳಿ. ಹಳೆಯ ಇಫ್‌ಕಾನ್ಫಿಗ್ ಆಜ್ಞೆ ಎದ್ದು ಕೂತ ಕಾರ್ಡುಗಳನ್ನು ಮಾತ್ರ ತೋರಿಸುತ್ತದೆ. ಮಲಗಿರುವವನ್ನೂ ತೋರಿಸಲು ಅದರ ಮುಂದೆ '-ಎ' ಸೇರಿಸಬೇಕು. 'ಐಪಿ ಲಿಂಕ್' ಎಂಬ ಹೊಸ ಆಜ್ಞೆಗೆ ಈ ಪಕ್ಷಪಾತವಿಲ್ಲ, ಎಲ್ಲವನ್ನೂ ತೋರಿಸುತ್ತದೆ. ಎಷ್ಟೋ 'ಕಾಣೆ' ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ.

ಅಲ್ಲೂ ಕಾಣದಿದ್ದರೆ ಒಂದು ಮೆಟ್ಟಲು ಕೆಳಗಿಳಿಯಬೇಕು. 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆ ಹೆಸರುಗಳ ಗೊಡವೆಗೆ ಹೋಗದೆ ಹಾದಿಯ ಮೇಲೆ ಕೂತಿರುವ ಎಲ್ಲ ಕಾರ್ಡುಗಳ ಪಟ್ಟಿ ಕೊಡುತ್ತದೆ. ಅಲ್ಲೂ ಇಲ್ಲವೆಂದರೆ ಲಿನಕ್ಸಿನ ತಪ್ಪು ಹುಡುಕುವುದು ವ್ಯರ್ಥ, ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಕಾರ್ಡು ಸರಿಯಾಗಿ ಕೂತಿಲ್ಲ, ಬಯೋಸ್‌ನಲ್ಲಿ ಮುಚ್ಚಿದೆ, ಅಥವಾ ಸತ್ತಿದೆ. ದೊಡ್ಡ ಸರ್ವರುಗಳಲ್ಲಿ ಇನ್ನೊಂದು ಬಲೆ ಇದೆ: ಎರಡು ಪ್ರೊಸೆಸರಿಗೆ ಜಾಗವಿರುವ ಬೋರ್ಡಿನಲ್ಲಿ ಕೆಲವು ಸ್ಲಾಟುಗಳು ಎರಡನೇ ಪ್ರೊಸೆಸರಿಗೇ ಜೋಡಣೆಯಾಗಿರುತ್ತವೆ. ದುಡ್ಡು ಉಳಿಸಲು ಒಂದೇ ಪ್ರೊಸೆಸರ್ ಕೊಂಡಿದ್ದರೆ ಆ ಸ್ಲಾಟಿನಲ್ಲಿ ಎಂಥ ಒಳ್ಳೆಯ ಕಾರ್ಡೂ ಸತ್ತಂತೆಯೇ.

ಪಟ್ಟಿಯಲ್ಲಿ ಇದೆ, ಆದರೆ ಹೆಸರು ಹುಟ್ಟಿಲ್ಲ. ಹಾಗಾದರೆ ಚಾಲಕ ಬಂದಿಲ್ಲ. ಎಲ್‌ಎಸ್‌ಪಿಸಿಐಗೆ '-ಕೆ' ಸೇರಿಸಿದರೆ ಪ್ರತಿ ಕಾರ್ಡಿನ ಕೆಳಗೆ ಅದನ್ನು ನಡೆಸುತ್ತಿರುವ ಚಾಲಕದ ಹೆಸರು ಬರುತ್ತದೆ. ಆ ಸಾಲು ಇಲ್ಲದಿದ್ದರೆ ಕಳ್ಳ ಸಿಕ್ಕ. ಚಾಲಕ ಬಂದರೂ ಕಾರ್ಡಿನ ಒಳಗೆ ತುಂಬಬೇಕಾದ ಫರ್ಮ್‌ವೇರ್ ಕಡತ ಇಲ್ಲದಿರಬಹುದು. ಬ್ರಾಡ್‌ಕಾಮ್ ಕಂಪೆನಿಯ ಕಾರ್ಡುಗಳಿದ್ದ ಸರ್ವರಿಗೆ ಡೆಬಿಯನ್ ಹಾಕಿದವರಿಗೆ ಇದು ಚಿರಪರಿಚಿತ. ಆ ಕಡತಗಳ ಪರವಾನಗಿ ಮುಕ್ತವಲ್ಲವೆಂದು ಡೆಬಿಯನ್‌ನವರು ಅವನ್ನು ತಿರುಳಿನಿಂದ ಬೇರ್ಪಡಿಸಿದರು. ಜಾಲದ ಕಾರ್ಡು ಏಳಬೇಕಾದರೆ ಕಡತ ಬೇಕು, ಕಡತ ಇರುವುದು ಜಾಲದಲ್ಲಿ. ಪೆನ್‌ಡ್ರೈವ್ ಹಿಡಿದು ಇನ್ನೊಂದು ಕಂಪ್ಯೂಟರಿಗೆ ಓಡುವುದೊಂದೇ ಉಪಾಯ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಈ ಕಡತಗಳು ಅಧಿಕೃತ ಅನುಸ್ಥಾಪಕದಲ್ಲೇ ಬರುತ್ತಿವೆ. ಸಿದ್ಧಾಂತಕ್ಕೆ ಸ್ವಲ್ಪ ಪೆಟ್ಟು, ಬಳಸುವವರಿಗೆ ದೊಡ್ಡ ಉಪಕಾರ.

ತಂತ್ರಾಂಶವೇ ಕಾರ್ಡನ್ನು ಕೊಂದ ಅಪರೂಪದ ಪ್ರಸಂಗವೂ ಇದೆ. 2008ರಲ್ಲಿ 2.6.27ನೇ ತಿರುಳು ಇನ್ನೂ ಪರೀಕ್ಷೆಯಲ್ಲಿದ್ದಾಗ ಇಂಟೆಲ್‌ನ ಒಂದು ಬಗೆಯ ಕಾರ್ಡುಗಳು ಇದ್ದಕ್ಕಿದ್ದಂತೆ ನಿಷ್ಕ್ರಿಯವಾದವು. ಅವುಗಳ ಹುಟ್ಟುಗುರುತು ಮುಂತಾದವನ್ನು ಇಟ್ಟುಕೊಂಡಿರುವ ಸ್ಮೃತಿಯ ಮೇಲೆಯೇ ಯಾರೋ ಗೀಚಿದ್ದರು. ಎಲ್ಲರೂ ಆ ಕಾರ್ಡಿನ ಚಾಲಕವನ್ನು ದೂರಿದರು. ನಿಜವಾದ ಅಪರಾಧಿ ತಿರುಳಿನ ಬೇರೊಂದು ಮೂಲೆಯಲ್ಲಿದ್ದ, ತಿರುಳಿನ ಓಟವನ್ನು ಗಮನಿಸಲೆಂದು ಬರೆದ ಒಂದು ಸೌಕರ್ಯ. ತನ್ನದೆಂದು ತಿಳಿದು ಅದು ಬರೆದ ಜಾಗ ಅಷ್ಟರಲ್ಲಿ ಕಾರ್ಡಿನ ಪಾಲಾಗಿತ್ತು.

ಚಾಲಕವೂ ಇದೆ ಎಂದಾದರೆ, ಉಳಿದದ್ದು ಹೆಸರಿನ ಪ್ರಶ್ನೆ ಮಾತ್ರ. ತಿರುಳಿನ ದಿನಚರಿಯನ್ನು ಓದುವ 'ಡಿಎಂಇಎಸ್‌ಜಿ' ಆಜ್ಞೆ ಕೊಟ್ಟು 'ರಿನೇಮ್ಡ್' ಎಂಬ ಪದ ಹುಡುಕಿ. ಈಥ್0 ಆಗಿದ್ದವನು ಈಗ ಯಾವ ಹೆಸರಿನಲ್ಲಿದ್ದಾನೆ ಎಂದು ಅಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಹೆಸರಿನಲ್ಲಿರುವ ಸಂಖ್ಯೆಯನ್ನು ಎಲ್‌ಎಸ್‌ಪಿಸಿಐ ಪಟ್ಟಿಯ ಜೊತೆ ತಾಳೆ ನೋಡುವವರಿಗೆ ಒಂದು ಎಚ್ಚರಿಕೆ: ಆ ಪಟ್ಟಿ ಹದಿನಾರರ ಎಣಿಕೆಯಲ್ಲಿದೆ, ಹೆಸರು ಹತ್ತರ ಎಣಿಕೆಯಲ್ಲಿ. ಪಟ್ಟಿಯಲ್ಲಿ '0ಎ' ಎಂದಿರುವ ಹಾದಿಯೇ ಹೆಸರಿನಲ್ಲಿ ಇಎನ್‌ಪಿ10. ಇನ್ನು ನಾಲ್ಕು ಕಿಂಡಿಗಳಲ್ಲಿ ಯಾವುದು ಯಾವುದೆಂದು ತಿಳಿಯದಿದ್ದರೆ, 'ಈಥ್‌ಟೂಲ್ -ಪಿ' ಎಂದು ಸಣ್ಣ ಪಿ ಅಕ್ಷರದಲ್ಲಿ ಬರೆದು ಕಾರ್ಡಿನ ಹೆಸರು ಕೊಡಿ. ಆ ಕಿಂಡಿಯ ದೀಪ ಮಿಟುಕಿಸತೊಡಗುತ್ತದೆ. ಒಬ್ಬರು ಕೀಬೋರ್ಡಿನ ಮುಂದೆ, ಇನ್ನೊಬ್ಬರು ಯಂತ್ರದ ಬೆನ್ನ ಹಿಂದೆ. ಇಷ್ಟು ಉಪಯುಕ್ತವಾದ ಇನ್ನೊಂದು ಆಜ್ಞೆಯನ್ನು ನಾನು ಕಂಡಿಲ್ಲ.

ನೀವೇ ಹೆಸರಿಡಿ

ಒಂದಕ್ಕಿಂತ ಹೆಚ್ಚು ಕಾರ್ಡಿರುವ ಸರ್ವರಿಗೆ ನನ್ನ ಮತ ಸ್ಪಷ್ಟ. ತಿರುಳಿನ ಹೆಸರೂ ಬೇಡ, ಸಿಸ್ಟಂಡಿ ತಾನಾಗಿ ಕಟ್ಟುವ ಹೆಸರೂ ಬೇಡ. ಕಾರ್ಡು ಮಾಡುವ ಕೆಲಸದ ಹೆಸರನ್ನು ನೀವೇ ಇಡಿ. ಇಟಿಸಿ ಕೋಶದೊಳಗೆ ಸಿಸ್ಟಂಡಿ, ಅದರೊಳಗೆ ನೆಟ್‌ವರ್ಕ್, ಅಲ್ಲಿ '.ಲಿಂಕ್' ಎಂದು ಮುಗಿಯುವ ಪುಟ್ಟ ಕಡತ ಬರೆದರೆ ಸಾಕು. ಎರಡೇ ಭಾಗ: ಯಾವ ಕಾರ್ಡು, ಏನು ಹೆಸರು. ಯಾವ ಕಾರ್ಡು ಎಂಬುದನ್ನು ಮ್ಯಾಕ್ ವಿಳಾಸದಿಂದಲೂ ಹೇಳಬಹುದು, ಅದು ಕೂತ ಹಾದಿಯಿಂದಲೂ ಹೇಳಬಹುದು. ಯಂತ್ರದೊಳಗೆ ಡಿಸ್ಕು, ಗ್ರಾಫಿಕ್ಸ್ ಕಾರ್ಡು ಆಗಾಗ ಬದಲಾಗುವ ಕಡೆ ಮ್ಯಾಕ್ ವಿಳಾಸ ವಾಸಿ. ಸುಳ್ಯದಂಥ ಸೀಮೆಯಲ್ಲಿ ಸ್ಲಾಟುಗಳ ಏರ್ಪಾಡು ಬದಲಾಗುವುದಕ್ಕಿಂತ ಕಾರ್ಡು ಸುಡುವ ಸಂಭವವೇ ಹೆಚ್ಚು, ಅಲ್ಲಿ ಹಾದಿಗೆ ಕಟ್ಟಿ. ಬರೆದ ಮೇಲೆ ಡೆಬಿಯನ್, ಉಬುಂಟು ಬಳಸುವವರು 'ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್ -ಯು' ಆಜ್ಞೆ ಕೊಡುವುದನ್ನು ಮರೆಯಬಾರದು. ಯಂತ್ರ ಏಳುವ ಮೊದಲ ಘಳಿಗೆಯಲ್ಲೇ ನಾಮಕರಣ ಮುಗಿದಿರುತ್ತದೆ, ಆ ಹೊತ್ತಿಗೆ ಓದಲು ಸಿಗುವ ಪ್ರತಿಯಲ್ಲೂ ಈ ಕಡತ ಇರಬೇಕು.

ಈಥ್0 ಎಂದು ಮಾತ್ರ ಇಡಬೇಡಿ. ಆ ಹೆಸರು ತಿರುಳಿನದ್ದು, ಅದು ಯಾವ ಕ್ಷಣದಲ್ಲಿ ಯಾರಿಗೆ ಕೊಡುತ್ತದೋ ಹೇಳಲಾಗದು.

ಕನ್ನಡದಲ್ಲೇ ಇಡಬಹುದೇ? ತಿರುಳಿನ ಆಕ್ಷೇಪವಿಲ್ಲ. ಅದರ ಮಿತಿ 15 ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಮೂರು ಬೈಟ್. 'ಒಳಗೆ' ಎಂದರೆ 12, 'ಹೊರಗೆ' ಎಂದರೆ ಸರಿಯಾಗಿ 15. 'ಐಪಿ ಲಿಂಕ್' ಆಜ್ಞೆಯಿಂದ ಕೈಯಾರೆ ಈ ಹೆಸರುಗಳನ್ನು ಕೊಡಬಹುದು. ಆದರೆ 'ಮಠ' ಎಂದಿಡಲಾಗದು: ಠ ಅಕ್ಷರದ ಕೊನೆಯ ಬೈಟನ್ನು ತಿರುಳಿನ ಹಳೆಯ ಯುರೋಪಿನ ಅಕ್ಷರಪಟ್ಟಿ ಖಾಲಿ ಜಾಗವೆಂದು ಓದುತ್ತದೆ, ಹೆಸರಿನ ನಡುವೆ ಖಾಲಿ ಜಾಗ ನಿಷಿದ್ಧ. ಸಿಸ್ಟಂಡಿಯ ಲಿಂಕ್ ಕಡತವಂತೂ ಕನ್ನಡದ ಯಾವ ಅಕ್ಷರವನ್ನೂ ಒಪ್ಪುವುದಿಲ್ಲ. ಅಲ್ಲಿ ಸದ್ಯಕ್ಕೆ 'ಒಳಗೆ', 'ಹೊರಗೆ' ಎಂಬುದನ್ನು ರೋಮನ್ ಅಕ್ಷರಗಳಲ್ಲೇ ಬರೆಯಬೇಕು.